ಕಂಬಿ ಎಣಿಸುವ ಸುಖ

ಕಂಬಿ ಎಣಿಸುವುದು ಎಂದರೆ ಜೈಲು ಸೇರುವುದು ಎಂದೇ ಲೋಕದ ಎಣಿಕೆ. ನಾನಾದರೋ ಯಾವ ಅಪರಾಧವನ್ನೂ ಮಾಡದೆ, ಮೇಲಾಗಿ ಟಿಕೆಟ್ಟಿಗೆ ದುಡ್ಡನ್ನೂ ಕೊಟ್ಟು, ವರ್ಷಗಟ್ಟಲೆ ಕಂಬಿ ಎಣಿಸಿದವನು. ರೈಲಿನ ಕಿಟಕಿಗೆ ಒರಗಿ, ಕೈಗಡಿಯಾರದ ಸೆಕೆಂಡಿನ ಮುಳ್ಳಿನ ಮೇಲೆ ಕಣ್ಣಿಟ್ಟು, ಚಕ್ರದಡಿಯಿಂದ ಬರುವ ಕಡಕ್‌ಗಳನ್ನು ಲೆಕ್ಕ ಹಾಕುವುದು ನನ್ನ ಹಳೆಯ ಚಟ. ಅದಕ್ಕೊಂದು ಸೂತ್ರವಿದೆ. ಒಂದೊಂದು ಹಳಿಯೂ 13 ಮೀಟರ್ ಉದ್ದವಿದ್ದರೆ, 47 ಸೆಕೆಂಡಿನಲ್ಲಿ ಎಷ್ಟು ಕಡಕ್ ಕೇಳಿಸಿತೋ ರೈಲು ಗಂಟೆಗೆ ಅಷ್ಟು ಕಿಲೋಮೀಟರ್ ವೇಗದಲ್ಲಿದೆ ಎಂದು ತಿಳಿಯಬೇಕು. 60 ಅಡಿಯ ಹಳಿಯಾದರೆ 41 ಸೆಕೆಂಡು ಎಣಿಸಬೇಕು, ಉತ್ತರ ಮೈಲಿಯಲ್ಲಿ ಬರುತ್ತದೆ. ಗುಣಿಸುವುದೂ ಬೇಡ, ಭಾಗಿಸುವುದೂ ಬೇಡ. ಗಣಿತದಲ್ಲಿ ನನ್ನಂಥವನಿಗೂ ಸರಿಯುತ್ತರ ದಕ್ಕುವ ಏಕೈಕ ಲೆಕ್ಕ ಅದು. ಒಂದೇ ಒಂದು ಎಚ್ಚರಿಕೆ: ಗಾಲಿಗಳು ಜೋಡಿಜೋಡಿಯಾಗಿ ಇರುವುದರಿಂದ ಹಳಿಗೂ ಹಳಿಗೂ ನಡುವಿನ ಪ್ರತಿ ಸಂದೂ ಕಡಕ್-ಕಡಕ್ ಎಂದು ಎರಡು ಸಲ ಸದ್ದು ಮಾಡುತ್ತದೆ, ಆ ಜೋಡಿಯನ್ನು ಒಂದೆಂದೇ ಹಿಡಿಯಬೇಕು. ಇದು ತಿಳಿಯದಿದ್ದ ಕಾಲದಲ್ಲಿ ನಾನು ಕೂತ ಪ್ಯಾಸೆಂಜರ್ ಗಾಡಿಗಳೆಲ್ಲ ಗಂಟೆಗೆ ನೂರಾಮೂವತ್ತರ ಮೇಲೆಯೇ ಓಡುತ್ತಿದ್ದವು.

ಈಗ ಆ ಸುಖವಿಲ್ಲ. ರೈಲು ನುಣ್ಣಗೆ, ಒಂದೇ ಸಮನೆ ಗುಂಯ್‌ಗುಡುತ್ತ ಸಾಗುತ್ತದೆ. ಎದುರು ಸೀಟಿನವರು ಆರಾಮಾಗಿ ನಿದ್ದೆ ಹೋಗುತ್ತಾರೆ. ನಾನು ಮಾತ್ರ ತಾಳ ತಪ್ಪಿದ ಭಜನೆಯಲ್ಲಿ ಕೂತವನ ಹಾಗೆ ಚಡಪಡಿಸುತ್ತೇನೆ. ಸಂದುಗಳೆಲ್ಲ ಎಲ್ಲಿ ಹೋದವು?

ಸಂದುಗಳ ಬಗ್ಗೆ ನನಗೆ ಈ ಕಾಳಜಿ ಬರಲು ಇನ್ನೊಂದು ಕಾರಣವೂ ಇದೆ. ಶಾಲೆಯ ವಿಜ್ಞಾನ ಪರೀಕ್ಷೆಯಲ್ಲಿ ನಾನು ಎಂದೂ ತಪ್ಪದೆ ಬರೆದ ಉತ್ತರವೊಂದಿದ್ದರೆ ಅದು ‘ರೈಲು ಹಳಿಗಳ ನಡುವೆ ಸಂದು ಏಕೆ ಬಿಟ್ಟಿರುತ್ತಾರೆ?’ ಎಂಬುದಕ್ಕೆ. ಬೇಸಿಗೆಯಲ್ಲಿ ಹಳಿ ಹಿಗ್ಗುತ್ತದೆ, ಹಿಗ್ಗಲು ಜಾಗ ಬೇಕು, ಇಲ್ಲದಿದ್ದರೆ ಡೊಂಕಾಗುತ್ತದೆ. ಎರಡು ಅಂಕ. ಆ ಎರಡು ಅಂಕದ ಮೇಲೆ ನನ್ನ ಎಷ್ಟೋ ಭೌತಶಾಸ್ತ್ರ ನಿಂತಿದೆ. ಈಗ ಸಂದೇ ಇಲ್ಲದ ಹಳಿಯ ಮೇಲೆ ನಡುಬೇಸಿಗೆಯಲ್ಲಿ ರೈಲು ಸಲೀಸಾಗಿ ಓಡುತ್ತಿರುವುದನ್ನು ಕಂಡರೆ, ಕೊಟ್ಟ ಅಂಕಗಳನ್ನು ಯಾರಾದರೂ ಬಂದು ವಾಪಸು ಕೇಳಿಯಾರು ಎಂಬ ಅಳುಕು.

ಹಳೆಯ ಏರ್ಪಾಡು ಸರಳವಾಗಿತ್ತು. ಎರಡು ಹಳಿಗಳ ತುದಿಗಳನ್ನು ಎದುರುಬದುರು ಇಟ್ಟು, ಅಕ್ಕಪಕ್ಕ ಒಂದೊಂದು ಕಬ್ಬಿಣದ ಪಟ್ಟಿ ಕೊಟ್ಟು, ತೂತು ಕೊರೆದು, ನಾಲ್ಕೋ ಆರೋ ಬೋಲ್ಟು ಬಿಗಿಯುವುದು. ಆ ಪಟ್ಟಿಗೆ ಫಿಶ್‌ಪ್ಲೇಟು ಎಂದು ಹೆಸರು. ಮೀನಿಗೂ ಅದಕ್ಕೂ ಸಂಬಂಧವಿಲ್ಲ. ಹಡಗಿನ ಪಟಸ್ತಂಭಕ್ಕೆ ಬಲ ಕೊಡಲು ಕಟ್ಟುತ್ತಿದ್ದ ಮರದ ದಬ್ಬೆಗೆ ನಾವಿಕರು ಫಿಶ್ ಎನ್ನುತ್ತಿದ್ದರು, ಹೆಸರು ಅಲ್ಲಿಂದ ದಡ ಹತ್ತಿ ಬಂತು. ಇಂಗ್ಲೆಂಡಿನ ವಿಲಿಯಂ ಬ್ರಿಡ್ಜಸ್ ಆಡಮ್ಸ್ 1847ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ದಬ್ಬೆ ಎಂಬ ಮಾತೇ ಸರಿ: ಮುರಿದ ಮೂಳೆಗೆ ಎರಡೂ ಕಡೆ ಬಿದಿರು ಕೊಟ್ಟು ಕಟ್ಟುವುದಿಲ್ಲವೇ, ಹಾಗೆ. ವ್ಯತ್ಯಾಸವೆಂದರೆ ಮೂಳೆ ಕೂಡಿದ ಮೇಲೆ ದಬ್ಬೆ ಬಿಚ್ಚುತ್ತಾರೆ. ಹಳಿಯ ಮುರಿತ ಎಂದೂ ಕೂಡುವುದಿಲ್ಲ, ದಬ್ಬೆಯೇ ಗತಿ.

ನಾನು ತಾಳವೆಂದು ತಲೆದೂಗಿದ್ದು ಹಳಿಯ ಪಾಲಿಗೆ ಏಟು. ಒಂದೊಂದು ಕಡಕ್ ಎಂದರೂ ಟನ್ನುಗಟ್ಟಲೆ ಭಾರ ಹೊತ್ತ ಉಕ್ಕಿನ ಗಾಲಿ ಹಳಿಯ ಮೂತಿಗೆ ಕೊಟ್ಟ ಗುದ್ದು. ಗುದ್ದಿಸಿಕೊಂಡು ತುದಿ ಬಾಗುತ್ತದೆ, ಬಾಗಿದ ಕಡೆ ಮುಂದಿನ ಗುದ್ದು ಇನ್ನೂ ಜೋರು. ಕೆಳಗಿನ ಜಲ್ಲಿ ಕುಸಿಯುತ್ತದೆ, ಬೋಲ್ಟು ಸಡಿಲವಾಗುತ್ತದೆ, ಬೋಲ್ಟಿಗೆಂದು ಕೊರೆದ ತೂತಿನ ಅಂಚಿನಿಂದಲೇ ಕೂದಲೆಳೆಯ ಬಿರುಕುಗಳು ನಕ್ಷತ್ರದ ಕಿರಣಗಳಂತೆ ಹೊರಡುತ್ತವೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಹಳಿಯುದ್ದಕ್ಕೂ ನಡೆದು ಒಂದೊಂದೇ ಬೋಲ್ಟನ್ನು ಬಿಗಿಯುವ, ಪಟ್ಟಿ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಕೂರಿಸುವ ಕೆಲಸಕ್ಕೆ ಕೊನೆಯೆಂಬುದೇ ಇರಲಿಲ್ಲ. 2013ರ ಜುಲೈಯಲ್ಲಿ ಪ್ಯಾರಿಸ್ ಹತ್ತಿರದ ಬ್ರೆಟಿನ್ಯಿಯಲ್ಲಿ ಹಳಿ ಕವಲೊಡೆಯುವ ಜಾಗದಲ್ಲಿ ಇಂಥದೊಂದು ಪಟ್ಟಿ ಕಳಚಿಕೊಂಡು ರೈಲು ಉರುಳಿತು. ಏಳು ಜನ ಹೋದರು. ಅದನ್ನು ಓದಿದ ಮೇಲೆ ಕಡಕ್ ಸದ್ದಿನ ಮೇಲಿದ್ದ ನನ್ನ ಪ್ರೀತಿಗೂ ಸ್ವಲ್ಪ ಬೋಲ್ಟು ಸಡಿಲವಾಯಿತು.

ಬೋಲ್ಟಿಲ್ಲದೆ ಹಳಿ ಕೂಡಿಸುವ ಉಪಾಯ ಹೊಳೆದದ್ದು ರೈಲಿನವರಿಗಲ್ಲ. ಹಾನ್ಸ್ ಗೋಲ್ಡ್‌ಸ್ಮಿತ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನಿಗೆ ಬೇಕಾಗಿದ್ದುದು ಇಂಗಾಲ ಸೋಕದ ಶುದ್ಧ ಲೋಹ. ಇದ್ದಲು ಹಾಕಿ ಅದಿರು ಕರಗಿಸಿದರೆ ಇಂಗಾಲ ಸೇರಿಯೇ ಸೇರುತ್ತದೆ. ಅದರ ಬದಲು ಅಲ್ಯೂಮಿನಿಯಂ ಪುಡಿ ಹಾಕಿದರೆ? ಅಲ್ಯೂಮಿನಿಯಂಗೆ ಆಮ್ಲಜನಕವೆಂದರೆ ಎಲ್ಲಿಲ್ಲದ ಆಸೆ. ಕಬ್ಬಿಣದ ಜೊತೆ ಸಂಸಾರ ಹೂಡಿದ ಆಮ್ಲಜನಕವನ್ನೂ ಕಿತ್ತು ತನ್ನದಾಗಿಸಿಕೊಳ್ಳುತ್ತದೆ. ಆ ಕಿತ್ತಾಟದಲ್ಲಿ ಹುಟ್ಟುವ ಬಿಸಿ 2,000 ಡಿಗ್ರಿಯನ್ನೂ ದಾಟುತ್ತದೆ. ಒಬ್ಬಂಟಿಯಾದ ಕಬ್ಬಿಣ ನೀರಾಗಿ ತಳ ಸೇರುತ್ತದೆ. ಇದಕ್ಕೆ 1895ರಲ್ಲಿ ಪೇಟೆಂಟ್ ಆಯಿತು. ಹೆಸರು ಥರ್ಮಿಟ್. 1899ರಲ್ಲಿ ಎಸ್ಸೆನ್ ನಗರದ ಟ್ರಾಮ್ ಹಳಿಗಳನ್ನು ಇದರಿಂದಲೇ ಬೆಸೆದರು. ಇಲ್ಲಿ ನನಗೆ ರುಚಿಸುವ ಸಂಗತಿ ಬೇರೆ. ಥರ್ಮಿಟ್ ಪುಡಿಯಲ್ಲಿ ಅಲ್ಯೂಮಿನಿಯಂ ಜೊತೆ ಸೇರುವ ಇನ್ನೊಂದು ಸಾಮಾನು ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ಖಾಸಾ ದಾಯಾದಿ. ಹಳಿಯನ್ನು ಆಯುಸ್ಸಿಡೀ ತಿನ್ನುವ ವಂಶದವನನ್ನೇ ಕರೆದು ಹಳಿ ಕೂಡಿಸಿಕೊಡು ಎಂದು ಕೆಲಸಕ್ಕೆ ಹಚ್ಚಿದ್ದಾರೆ.

ಈ ಬೆಸುಗೆಯನ್ನು ನಾನೊಮ್ಮೆ ಕಣ್ಣಾರೆ ಕಂಡೆ. ರಾತ್ರಿ, ನಮ್ಮ ಗಾಡಿ ಎಲ್ಲೋ ಒಂದು ಕಡೆ ನಿಂತುಬಿಟ್ಟಿತ್ತು. ಪಕ್ಕದ ಹಾದಿಯಲ್ಲಿ ಏಳೆಂಟು ಜನ ಬಗ್ಗಿ ಏನೋ ಮಾಡುತ್ತಿದ್ದರು. ಎರಡು ಹಳಿಗಳ ನಡುವೆ ಬೆರಳು ತೂರುವಷ್ಟು, ಸುಮಾರು 25 ಮಿಲಿಮೀಟರ್, ಸಂದು ಬಿಟ್ಟಿದ್ದರು. ಒಬ್ಬ ಉದ್ದನೆಯ ನೇರಪಟ್ಟಿಯನ್ನು ಹಳಿಯ ನೆತ್ತಿಗೆ ಇಟ್ಟು ನೋಡುವುದು, ಬೆಣೆಯನ್ನು ಒಂದೇಟು ಬಡಿಯುವುದು, ಮತ್ತೆ ನೋಡುವುದು. ಈ ತೂಗಿನೋಟವೇ ಮುಗಿಯುವಂತೆ ಕಾಣಲಿಲ್ಲ. ಸಂದಿನ ಜಾಗವನ್ನು ಒಂದಿಷ್ಟೇ ಎತ್ತರಿಸಿ ಕಟ್ಟಬೇಕಂತೆ, ಆರುವಾಗ ಬೆಸುಗೆ ಕುಗ್ಗಿ ಮಟ್ಟಕ್ಕೆ ಬರುತ್ತದೆ. ಆಮೇಲೆ ಸುತ್ತ ಮರಳಿನ ಅಚ್ಚು ಕೂರಿಸಿ, ಬಿಟ್ಟುಹೋದ ಸಂದುಗೊಂದುಗಳಿಗೆ ಹದವಾದ ಮರಳನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಮೆತ್ತಿದರು. ಅಚ್ಚಿನೊಳಗೆ ಗ್ಯಾಸಿನ ಜ್ವಾಲೆ ಇಳಿಬಿಟ್ಟು ಹಳಿಯ ತುದಿಗಳು ಕೆಂಪಾಗುವ ತನಕ ಕಾಯಿಸಿದರು. ಅಚ್ಚಿನಲ್ಲಿ ತೇವ ಉಳಿದರೆ ಅದು ಹಬೆಯಾಗಿ ಕಾದ ಉಕ್ಕನ್ನೇ ಮುಖಕ್ಕೆ ಉಗಿಯುತ್ತದೆ ಎಂಬುದು ಅವರೆಲ್ಲ ಬಲ್ಲ ಸಂಗತಿ. ಅಷ್ಟು ಹೊತ್ತು ಮಾತಾಡುತ್ತಿದ್ದವರು ಆಗ ಗಪ್ಪಾದರು.

ಥರ್ಮಿಟ್ ಪುಡಿ ತುಂಬಿದ ಮೂಸೆಯನ್ನು ಅಚ್ಚಿನ ಮೇಲಿಟ್ಟರು. ಒಬ್ಬ ಸುರಸುರಬತ್ತಿಯಂಥ ಕಡ್ಡಿಯನ್ನು ಹೊತ್ತಿಸಿ ಪುಡಿಯೊಳಗೆ ಚುಚ್ಚಿ ಹಿಂದೆ ಸರಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೂಸೆ ಗೊರಗುಟ್ಟಿತು, ಬಾಯಿಂದ ಬಿಳಿ ಬೆಂಕಿ ಎದ್ದಿತು, ನಮ್ಮ ಬೋಗಿಯ ಒಳಗೋಡೆಯ ಮೇಲೆ ಕಿಟಕಿಯ ಸರಳುಗಳ ನೆರಳು ಹಗಲಿನಂತೆ ಮೂಡಿತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಮೂಸೆಯ ತಳದ ಬಿರಡೆ ತಾನಾಗಿ ಕರಗಿ, ಉಕ್ಕು ಸುರಿದು ಅಚ್ಚಿನೊಳಕ್ಕೆ ಇಳಿಯಿತು. ಹಗುರವಾದ ಕಿಟ್ಟ ಕೊನೆಗೆ ಬಂದು ಪಕ್ಕದ ತಟ್ಟೆಗೆ ಉಕ್ಕಿ ಚೆಲ್ಲಿತು. ಕರೆಂಟಿಲ್ಲ, ತಿದಿಯಿಲ್ಲ, ಕುಲುಮೆಯಿಲ್ಲ. ನಾಲ್ಕು ಜನ ಹೊತ್ತು ತರಬಹುದಾದ ಸಾಮಾನಿನಲ್ಲಿ ಒಂದು ಉಕ್ಕಿನ ಕಾರ್ಖಾನೆ ಹುಟ್ಟಿ ಸತ್ತಿತ್ತು. ಕೆಲವು ನಿಮಿಷ ಕಾದು ಅಚ್ಚು ಒಡೆದು, ಇನ್ನೂ ಕೆಂಪಗಿದ್ದ ಹೆಚ್ಚುವರಿ ಲೋಹವನ್ನು ಕತ್ತರಿಸಿ ತೆಗೆದರು. ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ಅಲ್ಲಿಯತನಕ ಊರಿಗೆಲ್ಲ ಉಪದೇಶ ಮಾಡುತ್ತಿದ್ದೆ; ಆ ಮಾತನ್ನು ಕಂಡದ್ದು ಅಂದೇ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಬೆಸುಗೆಯಿದೆ, ಫ್ಲ್ಯಾಶ್ ಬಟ್ ಎನ್ನುತ್ತಾರೆ. ಎರಡು ತುದಿಗಳನ್ನು ಹತ್ತಿರ ತಂದು ಭಾರೀ ವಿದ್ಯುತ್ ಹರಿಸುವುದು, ಕಿಡಿ ಹಾರಿ ತುದಿಗಳು ಮೆತ್ತಗಾದೊಡನೆ ಯಂತ್ರ ಅವನ್ನು ಒಂದಕ್ಕೊಂದು ಒತ್ತಿಬಿಡುವುದು. ಹೊರಗಿನ ಲೋಹ ಒಂದು ಹನಿಯೂ ಬೇಡ. ಹೀಗೆ ಕಾರ್ಖಾನೆಯಲ್ಲೇ ನೂರಾರು ಮೀಟರ್ ಉದ್ದಕ್ಕೆ ಬೆಸೆದ ಹಳಿಗಳನ್ನು ರೈಲಿನ ಮೇಲೆಯೇ ಸಾಗಿಸುತ್ತಾರೆ. ತಿರುವು ಬಂದಾಗ ಆ ಹಳಿಗಳೂ ಗಾಡಿಯ ಜೊತೆ ಹಗ್ಗದ ಹಾಗೆ ಬಳುಕುತ್ತವೆ. ಕೈಯಲ್ಲಿ ಹಿಡಿದ ತುಂಡನ್ನು ಮಿಸುಕಿಸಲೂ ಆಗದು, ಉದ್ದವಾದರೆ ಬಳ್ಳಿ. ಈ ವಿಧಾನದ ಬಗ್ಗೆ ಗೌರವವಿದೆ, ಆದರೆ ರಾತ್ರಿಯ ಆ ಮೂಸೆಯನ್ನು ಕಂಡವನಿಗೆ ಕಾರ್ಖಾನೆಯ ಬೆಸುಗೆ ಸ್ವಲ್ಪ ಸಪ್ಪೆಯೇ.

ಸರಿ, ಬೆಸೆದದ್ದಾಯಿತು. ನನ್ನ ಎರಡು ಅಂಕದ ಗತಿ? ಲೆಕ್ಕ ಹಾಕಿ ನೋಡಿದೆ. 40 ಡಿಗ್ರಿ ಬಿಸಿಯೇರಿದರೆ 13 ಮೀಟರ್ ಹಳಿ ಸುಮಾರು 6 ಮಿಲಿಮೀಟರ್ ಹಿಗ್ಗಬೇಕು. ಒಂದು ಕಿಲೋಮೀಟರ್ ಹಳಿಯಾದರೆ 46 ಸೆಂಟಿಮೀಟರ್, ಒಂದು ಮೊಳ. ಆ ಮೊಳ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ, ಹಳಿ ಅದನ್ನು ಹಲ್ಲು ಕಚ್ಚಿ ನುಂಗಿಕೊಂಡಿದೆ. ಹಳಿಯಡಿ ಅಡ್ಡಡ್ಡ ಹಾಸಿದ ಸ್ಲೀಪರುಗಳಿಗೆ ಉಕ್ಕಿನ ಕ್ಲಿಪ್ಪುಗಳಿಂದ ಅದನ್ನು ಅದುಮಿ ಹಿಡಿದಿದ್ದಾರೆ. ಸ್ಲೀಪರುಗಳನ್ನು ಜಲ್ಲಿ ಹಿಡಿದಿದೆ. ಹಿಗ್ಗಲು ಬಿಡದಿದ್ದಾಗ ಆ ಹಿಗ್ಗು ಒಳಗೊಳಗೇ ಒತ್ತಡವಾಗುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಾದರೆ ಒಂದೊಂದು ಡಿಗ್ರಿಗೂ ಹೆಚ್ಚುಕಡಿಮೆ ಎರಡು ಟನ್. ಮೂವತ್ತು ಡಿಗ್ರಿಗೆ ಐವತ್ತು ಟನ್ನನ್ನೂ ಮೀರಿದ ಒತ್ತಡ. ನನ್ನ ತಲೆ ತಿರುಗಿಸಿದ್ದು ಇದಲ್ಲ, ಇದರ ಮುಂದಿನ ಮಾತು: ಈ ಒತ್ತಡಕ್ಕೂ ಹಳಿಯ ಉದ್ದಕ್ಕೂ ಸಂಬಂಧವೇ ಇಲ್ಲ. ಹಗ್ಗಜಗ್ಗಾಟದಲ್ಲಿ ಹಗ್ಗ ಹತ್ತು ಮೀಟರ್ ಇರಲಿ ನೂರು ಮೀಟರ್ ಇರಲಿ, ಎಳೆದಷ್ಟೇ ಬಿಗಿ ತಾನೇ? ಹಾಗೇ ಇದೂ. ಒಂದು ಕಿಲೋಮೀಟರ್ ಹಳಿಗೆ ಎಷ್ಟು ಸಂಕಟವೋ ನೂರು ಕಿಲೋಮೀಟರ್ ಹಳಿಗೂ ಅಷ್ಟೇ. ಜಪಾನಿನ ಸೈಕಾನ್ ಸುರಂಗದಲ್ಲಿ ಸುಮಾರು 52 ಕಿಲೋಮೀಟರ್ ಉದ್ದದ ಒಂದೇ ಹಳಿ ಮಲಗಿದೆ. ನಡುವಿನ ಭಾಗ ಅಲ್ಲಾಡುವುದೇ ಇಲ್ಲ. ಇಂಥ ಹಳಿಗಳಲ್ಲಿ ಮಿಸುಕುವುದು ಎರಡು ತುದಿಗಳ ಕಡೆಯ ನೂರು ಮೀಟರ್ ಆಸುಪಾಸಿನ ಜಾಗ ಮಾತ್ರ. ಎಂಜಿನಿಯರುಗಳು ಅದನ್ನು ಉಸಿರಾಡುವ ಭಾಗ ಎನ್ನುತ್ತಾರೆ. ಸೂತ್ರ ಬರೆಯುವ ಜನಕ್ಕೆ ಇಷ್ಟು ಒಳ್ಳೆಯ ಹೆಸರು ಹೊಳೆದದ್ದು ನನಗೆ ಸಂತೋಷ ಮತ್ತು ಸಣ್ಣ ಹೊಟ್ಟೆಕಿಚ್ಚು.

ಟ್ರಾಮ್ ಹಳಿಗಳನ್ನೇ ಮೊದಲು ಬೆಸೆದದ್ದು ಏಕೆಂದು ಆಗ ಅರ್ಥವಾಯಿತು. ಅವು ರಸ್ತೆಯಲ್ಲಿ ಹೂತು ಕೂತಿದ್ದವು. ಬಿಸಿಲೂ ಅಷ್ಟು ತಾಗದು, ಡೊಂಕಾಗಲು ಜಾಗವೂ ಇಲ್ಲ. ಬಯಲಿನ ಹಳಿಯನ್ನು ಹಾಗೆ ಬೆಸೆಯಲು ಜನಕ್ಕೆ ಧೈರ್ಯ ಬರಲು ಹಲವು ದಶಕಗಳೇ ಹಿಡಿದವು. ಬಹುಶಃ ಅವರೂ ನನ್ನ ಹಾಗೆಯೇ ಎರಡು ಅಂಕದ ಉತ್ತರ ಬರೆದು ಬಂದವರು.

ಹಳಿಗೆ ಹಿಗ್ಗೂ ಇಲ್ಲದ ಕುಗ್ಗೂ ಇಲ್ಲದ ಒಂದು ಹದದ ಬಿಸಿಯಿದೆ. ಬ್ರಿಟನ್ನಿನಲ್ಲಿ ಅದು 27 ಡಿಗ್ರಿ. ಹವೆ ಬೇರೆಯಾದ ಕಡೆ ಅಂಕಿ ಬೇರೆ. ಆ ಹದದಲ್ಲೇ ಹಳಿಯನ್ನು ಕ್ಲಿಪ್ಪು ಹಾಕಿ ಕಟ್ಟಬೇಕು. ಅದಕ್ಕಿಂತ ಚಳಿಯಿದ್ದರೆ ಮೊದಲು ಕ್ಲಿಪ್ಪು ಬಿಚ್ಚಿ, ಕೆಳಗೆ ಉರುಳೆಗಳನ್ನು ಕೊಟ್ಟು, ಸುತ್ತಿಗೆಯಿಂದ ತಟ್ಟಿ ಹಳೆಯ ಬಿಗುವನ್ನೆಲ್ಲ ಬಿಡಿಸುತ್ತಾರೆ. ಆಮೇಲೆ ಬಿಸಿಲಿನಲ್ಲಿ ಎಷ್ಟು ಉದ್ದವಾಗುತ್ತಿತ್ತೋ ಅಷ್ಟು ಉದ್ದಕ್ಕೆ ಯಂತ್ರದಿಂದ ಎಳೆದು ಹಿಡಿದು ಬೆಸೆಯುತ್ತಾರೆ. ಆಗ ಬೇಸಿಗೆ ಬಂದರೂ ಹಳಿಗೆ ಅದು ಅರ್ಧ ಬೇಸಿಗೆಯೇ. ಇಷ್ಟಾದರೂ ಬಿಸಿಲು ಅತಿಯಾಗಿ, ಜಲ್ಲಿ ಸಡಿಲವಿದ್ದು, ತಾಳ್ಮೆ ಮುಗಿದರೆ ಹಳಿ ಒಮ್ಮೆಗೇ ಹಾವಿನ ಹಾಗೆ ಪಕ್ಕಕ್ಕೆ ಹೊರಳುತ್ತದೆ. ಕಡು ಬೇಸಿಗೆಯಲ್ಲಿ ರೈಲು ನಿಧಾನ ಹೋಗುವುದು, ಕೆಲವು ದೇಶಗಳಲ್ಲಿ ಹಳಿಯ ಪಕ್ಕೆಗೆ ಬಿಳಿ ಬಣ್ಣ ಬಳಿಯುವುದು ಈ ಭಯಕ್ಕೇ. ಚಳಿಗಾಲದ ಸಿಟ್ಟು ಬೇರೆ ಬಗೆ: ಹಳಿ ಎಳೆದೂ ಎಳೆದೂ ದುರ್ಬಲ ಜಾಗದಲ್ಲಿ ಟಣ್ಣೆಂದು ತುಂಡಾಗುತ್ತದೆ. ಅದನ್ನು ಮತ್ತೆ ಕೂಡಿಸುವ ತನಕ ತಾತ್ಕಾಲಿಕವಾಗಿ ಏನು ಕಟ್ಟುತ್ತಾರೆ ಗೊತ್ತೆ? ಫಿಶ್‌ಪ್ಲೇಟು. ಹಳೆಯ ದಬ್ಬೆಗೆ ಇನ್ನೂ ಕೆಲಸ ಹೋಗಿಲ್ಲ.

ಮೊನ್ನೆಯ ಪಯಣದಲ್ಲಿ ಹಳೆಯ ಚಟ ಮರುಕಳಿಸಿತು. ಎಲ್ಲರೂ ಮಲಗಿದ್ದರು. ಹಳಿ ಎಲ್ಲೋ ಕವಲೊಡೆಯುವ ಜಾಗವಿರಬೇಕು, ಗಾಲಿಯಡಿ ಕಡಕ್-ಕಡಕ್ ಎಂದಿತು. ಎದ್ದು ಕೂತೆ. ಗಡಿಯಾರ ನೋಡಿ ‘ಒಂದು’ ಎಂದೆ. ಎರಡಕ್ಕೆ ಕಿವಿ ಕೊಟ್ಟು ಕಾದೆ. ಹತ್ತು ಸೆಕೆಂಡು, ಇಪ್ಪತ್ತು, ನಲವತ್ತು. 47 ಮುಗಿಯಿತು. ನನ್ನ ಲೆಕ್ಕದ ಪ್ರಕಾರ ನಾವು ಗಂಟೆಗೆ ಒಂದು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೆವು.