ಪ್ರೀಮಿಯಂ ಎಷ್ಟು ಅಂತ ಮಾತ್ರ ಕೇಳಬೇಡ್ರಿ

ಇವತ್ತು ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಕಾರಿನವರಿಗೂ ಹಾನಿ ಲೆಕ್ಕ ಹಾಕೋ ಇನ್ಶೂರೆನ್ಸ್ ಸರ್ವೆಯರ್‌ಗೂ ಜೋರು ಮಾತು ನಡೀತಿತ್ತು. "ಫುಲ್ ಇನ್ಶೂರೆನ್ಸ್ ಮಾಡಿಸೀನಿ ಸರ್, ನಾನ್ಯಾಕೆ ಕೈಯಿಂದ 16,000 ಕಟ್ಲಿ?" ಸರ್ವೆಯರ್ ಲೆಕ್ಕ ಸರಿಯಾಗೇ ಇತ್ತು. ಆದರೆ ಆ ಲೆಕ್ಕವನ್ನು ಪಾಲಿಸಿ ಮಾರುವ ದಿನವೇ ಅವರ ಮುಂದೆ ಬಿಡಿಸಿ ಇಡಬೇಕಿತ್ತು. ಯಾರೂ ಇಡಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಕಾರು ನಾಲ್ಕು ವರ್ಷ ದಾಟಿದೆ, 1200 ಸಿಸಿ, ಮುಂಭಾಗ ಜಖಂ. ಒಟ್ಟು ಬಿಲ್ 56,000 ಅಂತಿಟ್ಟುಕೊಳ್ಳಿ. ಬಂಪರ್ 9,000, ಹೆಡ್‌ಲೈಟ್ 11,000: ಎರಡೂ ಪ್ಲಾಸ್ಟಿಕ್, ಕಾರು ಎಷ್ಟೇ ಹೊಸದಿದ್ದರೂ ಅರ್ಧ ಸವಕಳಿ, ಅಂದರೆ ಬಳಸಿದ್ದಕ್ಕೆ ಅಂತ ಕಂಪನಿ ಮುರಿದುಕೊಳ್ಳೋ ಪಾಲು. ಅಲ್ಲಿಗೆ 10,000 ಹೋಯ್ತು. ಬಾನೆಟ್ 10,000, ಲೋಹ. ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 35, ಅಂದರೆ 3,500. ಮುಂದಿನ ಗಾಜು 8,000, ಗಾಜಿಗೆ ಸವಕಳಿ ಇಲ್ಲ. ಪೇಂಟಿಂಗ್ 12,000, ಅದರ ಕಾಲು ಭಾಗ ಬಣ್ಣದ ಸಾಮಾನು ಅಂತ ಹಿಡಿದು, ಅದರಲ್ಲಿ ಅರ್ಧ, 1,500 ಕಡಿತ. ಲೇಬರ್ 6,000 ಪೂರ್ತಿ ಸಿಗುತ್ತೆ. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000. ಕೂಡಿಸಿ ನೋಡ್ರಿ, 16,000 ಬಂತಲ್ಲ?

ಸವಕಳಿ ಮುರಿಯದ ಜೀರೋ ಡೆಪ್ ಅನ್ನೋ ಹೆಚ್ಚುವರಿ ಕವರ್ (ಆಡ್-ಆನ್) ಹಾಕಿಸಿದ್ದರೆ ಇದರಲ್ಲಿ 15,000 ಉಳೀತಿತ್ತು. ಆಗಲೂ ಆಯಿಲ್, ಕೂಲೆಂಟ್, ನಟ್ ಬೋಲ್ಟ್ ಖರ್ಚು ಬೇಕಂದ್ರೆ ಕನ್ಸ್ಯೂಮಬಲ್ಸ್ ಕವರ್ ಬೇರೆ ತಗೋಬೇಕು. ವರ್ಷಕ್ಕೆ ಎಷ್ಟು ಕ್ಲೇಮಿಗೆ ಜೀರೋ ಡೆಪ್ ಸಿಗುತ್ತೆ ಅನ್ನೋದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

"ಐದು ವರ್ಷದಿಂದ ಒಂದು ಗೀರೂ ಬಿದ್ದಿಲ್ಲ, ಹೆಚ್ಚಿಗೆ ದುಡ್ಡು ಯಾಕೆ ದಂಡ" ಅನ್ನೋರಿದ್ದಾರೆ. ಹದಿನೈದು ವರ್ಷದ ಹಳೇ ಗಾಡಿಗಾದರೆ ಒಪ್ಪೋಣ. ಹಿರಿಯೂರಿಂದ ಹರಿಹರದವರೆಗೆ ಹೈವೇಯಲ್ಲಿ ಲಾರಿಗಳ ನಡುವೆ ಓಡೋ ಕಾರಿಗೆ ಈ ಮಾತು ಒಪ್ಪಲ್ಲ. ನೀವು ಹುಷಾರಾಗಿದ್ದರೆ ಸಾಕಾಗಲ್ಲ, ಹಿಂದೆ ಬರೋನೂ ಹುಷಾರಾಗಿರಬೇಕು.

ಪ್ರೀಮಿಯಂ ಇಳಿಸೋಕೆ ಇನ್ನೊಂದು ದಾರಿ ಹಿಡೀತಾರೆ: ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆಸೋ ಕಾರಿನ ಬೆಲೆ, ಕಡಿಮೆ ಮಾಡೋದು. ಐದು ಲಕ್ಷದ ಕಾರನ್ನು ನಾಲ್ಕು ಲಕ್ಷ ಅಂತ ಬರೆಸಿದರೆ, ಕಳುವಾದ ದಿನ ಒಂದು ಲಕ್ಷ ನಿಮ್ಮ ಲುಕ್ಸಾನು. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್, ಗಾಡಿ ಪೂರ್ತಿ ಹೋಯ್ತು ಅಂತ ಲೆಕ್ಕ. ಆಗಲೂ ಅದೇ ನಾಲ್ಕು ಲಕ್ಷದ ಲೆಕ್ಕ. ದಯವಿಟ್ಟು ಇದನ್ನು ಮಾಡಬೇಡ್ರಿ.

ಮಳೆಗಾಲದ ಮಾತು ಇದಕ್ಕಿಂತ ಮುಖ್ಯ. ರೈಲ್ವೆ ಕೆಳಸೇತುವೆಯ ನೀರಲ್ಲಿ ಗಾಡಿ ಆಫ್ ಆಯ್ತು ಅಂದ್ರೆ ಮತ್ತೆ ಸೆಲ್ಫ್ ಹೊಡೀಬೇಡ್ರಿ. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸೋಕಾಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಸಾದಾ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಕಂಪನಿಯವರು ಇದನ್ನು ಆಮೇಲಿನ ಹಾನಿ ಅಂತ ಹೇಳಿ ಕ್ಲೇಮ್ ತಳ್ಳಿಹಾಕ್ತಾರೆ. ಎಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ ಇರೋದು ಇದಕ್ಕೇ. ಕಾರನ್ನು ತಳ್ಳಿ ಹೊರಗೆ ತಂದು, ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಟೋ ಮಾಡಿಸಿ. ಸರ್ವೆಯರ್ ನೋಡೋ ಮುಂಚೆ ಬಿಚ್ಚಿಸಬೇಡಿ.

ವೈಟ್ ಬೋರ್ಡ್ ಕಾರನ್ನು ಮದುವೆಗೆ, ಧರ್ಮಸ್ಥಳಕ್ಕೆ ಬಾಡಿಗೆ ಬಿಡೋರಿಗೂ ಒಂದು ಮಾತು. ಅಪಘಾತದ ಹೊತ್ತಲ್ಲಿ ಬಾಡಿಗೆಗೆ ಓಡ್ತಿತ್ತು ಅಂತ ಗೊತ್ತಾದರೆ, ಜೀರೋ ಡೆಪ್ ಇದ್ದರೂ ಕ್ಲೇಮ್ ತಿರಸ್ಕರಿಸ್ತಾರೆ.

ಏಜೆಂಟ್ ಅಣ್ಣಂದಿರೇ, ವಾಟ್ಸಾಪಿನಲ್ಲಿ ಬರೀ ಪ್ರೀಮಿಯಂ ಮೊತ್ತ ಕಳಿಸೋದು ನಿಲ್ಲಿಸ್ರಿ. ಐಡಿವಿ ಎಷ್ಟು, ಯಾವ ಆಡ್-ಆನ್ ಇದೆ, ಯಾವುದು ಇಲ್ಲ, ಮೂರನ್ನೂ ಬರೆದು ಕಳಿಸಿ. ಕಾರಿನವರೇ, ರಿನ್ಯೂವಲ್ ತಾರೀಖು ಇವತ್ತೇ ನೋಡ್ಕೊಳ್ರಿ. ಮುಗಿದು 90 ದಿನ ದಾಟಿದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಅಂದರೆ ಕೂಡಿಟ್ಟ ನೋ ಕ್ಲೇಮ್ ಬೋನಸ್, ಶೇ. 50 ಇದ್ದರೂ, ಪೂರ್ತಿ ಹೋಗುತ್ತೆ.