ಅಲೆಗೊಂದು ಅಹವಾಲು

2022ರ ಬೇಸಿಗೆಯ ಒಂದು ಸಂಜೆ ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ನಮ್ಮ ಬಾಗಿಲು ತಟ್ಟಿ, "ನಗರಸಭೆಗೆ ನಿಮ್ಮ ಪತ್ರ ಕಳಿಸಿದಿರಾ?" ಎಂದು ಕೇಳಿದರು. ಯಾವ ಪತ್ರವೆಂದು ನನಗೆ ತಿಳಿಯಲಿಲ್ಲ. ಅವರ ಕೈಯಲ್ಲಿದ್ದ ಸೂಚನೆಯನ್ನು ನೋಡಿದ ಮೇಲೆ, ಅಂಥದ್ದೇ ಒಂದು ಲಕೋಟೆ ವಾರದ ಹಿಂದೆ ನನ್ನ ಹೆಸರಿಗೂ ಬಂದಿತ್ತೆಂದೂ, ಜಾಹೀರಾತಿರಬೇಕೆಂದು ಅದನ್ನು ಒಡೆಯದೆಯೇ ಹಳೆಯ ಕಾಗದಗಳ ರಾಶಿಗೆ ಹಾಕಿದ್ದೆನೆಂದೂ ನೆನಪಾಯಿತು. ಆಕೆ ಬೇಸರಪಡಲಿಲ್ಲ. "ಅವರು ನಿಮ್ಮನ್ನು ಕೇಳುತ್ತಿದ್ದಾರೆ. ಸುಮ್ಮನಿದ್ದರೆ ಒಪ್ಪಿಕೊಂಡಿರಿ ಎಂದು ತಿಳಿಯುತ್ತಾರೆ" ಎಂದಷ್ಟೇ ಹೇಳಿ ಹೋದರು. ಆ ಮಾತು ರಾತ್ರಿಯೆಲ್ಲ ಚುಚ್ಚುತ್ತಿತ್ತು. ಕೋಲಾರದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನ್ನನ್ನು ನೆಲದ ವಿಷಯದಲ್ಲಾಗಲಿ ನೀರಿನ ವಿಷಯದಲ್ಲಾಗಲಿ ಯಾವ ಕಚೇರಿಯೂ ಅದುವರೆಗೆ ಏನನ್ನೂ ಕೇಳಿರಲಿಲ್ಲ. ಕೊನೆಗೊಮ್ಮೆ ಕೇಳಿದಾಗ ಅದು ಪ್ರಶ್ನೆಯೆಂದು ಗುರುತಿಸುವ ಅಭ್ಯಾಸವೇ ನನಗೆ ಇರಲಿಲ್ಲ.

ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯ ಲಾ ಕೀಂಟಾ ಎಂಬ ಸಣ್ಣ ನಗರದಲ್ಲಿ. ಸುಮಾರು 37 ಸಾವಿರ ಜನ, ಸುತ್ತ ಬೋಳು ಗುಡ್ಡ, ವರ್ಷಕ್ಕೆ ಮೂರು ನಾಲ್ಕು ಅಂಗುಲ ಮಳೆ. ಊರಿನ ಅಂಚಿನಲ್ಲಿರುವ ಕೋರಲ್ ಮೌಂಟನ್ ಎಂಬ ಗುಡ್ಡದ ಬುಡದ 386 ಎಕರೆಯಲ್ಲಿ 600 ಮನೆಗಳು, 150 ಕೋಣೆಗಳ ಹೋಟೆಲು, ಮತ್ತು ಇವೆಲ್ಲದರ ನಡುವೆ ಸುಮಾರು 16 ಎಕರೆಯ ಒಂದು ಅಲೆಗೊಳ ಬರಲಿದೆಯೆಂದು ಆ ಸೂಚನೆ ಹೇಳುತ್ತಿತ್ತು. ಹಲಗೆಯ ಮೇಲೆ ನಿಂತು ಅಲೆಯೇರಿ ಸಾಗುವ ಸರ್ಫಿಂಗ್ ಆಟದಲ್ಲಿ 11 ಬಾರಿ ವಿಶ್ವ ಚಾಂಪಿಯನ್ ಆದ ಕೆಲ್ಲಿ ಸ್ಲೇಟರ್ ಅವರ ಕಂಪನಿ 2015ರಲ್ಲಿ ಇದೇ ರಾಜ್ಯದ ಲೆಮೂರ್ ಎಂಬಲ್ಲಿ, ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗೆ, ಹೊಲಗಳ ನಡುವೆ ಮಾಡಿ ತೋರಿಸಿದ್ದ ತಂತ್ರವೇ ಇಲ್ಲಿಯೂ ಬರುವುದಿತ್ತು. ಉದ್ದನೆಯ ಕೊಳದ ಒಂದು ಪಕ್ಕದಲ್ಲಿ ಹಳಿಯ ಮೇಲೆ ಓಡುವ ಯಂತ್ರ, ನೀರಿನಲ್ಲಿ ಮುಳುಗಿಸಿದ ರೆಕ್ಕೆಯಂಥ ಫಲಕವೊಂದನ್ನು ಎಳೆದುಕೊಂಡು ಹೋಗುತ್ತದೆ. ಹಾಗೆ ತಳ್ಳಲ್ಪಟ್ಟ ನೀರು ತಳದ ಏರಿಳಿತಕ್ಕೆ ಸಿಕ್ಕಿ, ಕಡಲಿನಲ್ಲಿ ಮುರಿದಂತೆಯೇ ಮುರಿಯುತ್ತದೆ. ಅದಕ್ಕೆ ತುಂಬಬೇಕಾದ ನೀರು 1 ಕೋಟಿ 80 ಲಕ್ಷ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 6.8 ಕೋಟಿ ಲೀಟರ್. ರಾತ್ರಿಯೂ ಆಡಲು ಅನುಕೂಲವಾಗಲೆಂದು 80 ಅಡಿ ಎತ್ತರದ ದೀಪದ ಕಂಬಗಳು.

ಈ ಊರಿಗೆ ನೀರು ಎಲ್ಲಿಂದ ಬರುತ್ತದೆಂಬುದನ್ನೂ ಹೇಳಬೇಕು. ನೆಲದಡಿಯಲ್ಲಿ ದೊಡ್ಡ ಜಲರಾಶಿಯಿದೆ. ಅದನ್ನು ಬಳಸಿ ಬರಿದು ಮಾಡದಿರಲೆಂದು ಕೊಲರಾಡೊ ನದಿಯ ನೀರನ್ನು ಸುಮಾರು 200 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ತಂದು, ನಮ್ಮ ಗುಡ್ಡದ ಹತ್ತಿರದಲ್ಲೇ ಹೊಂಡಗಳಲ್ಲಿ ನಿಲ್ಲಿಸಿ, ನೆಲಕ್ಕೆ ಇಂಗಿಸುತ್ತಾರೆ. ಆ ನದಿಗೇ ಬರ ಬಂದಿತ್ತು. 2021ರ ಆಗಸ್ಟಿನಲ್ಲಿ ಒಕ್ಕೂಟ ಸರ್ಕಾರ ಚರಿತ್ರೆಯಲ್ಲೇ ಮೊದಲ ಬಾರಿಗೆ ಕೊಲರಾಡೊ ನೀರಿನ ಕೊರತೆಯನ್ನು ಅಧಿಕೃತವಾಗಿ ಘೋಷಿಸಿತು. ಮರುವರ್ಷ ಜುಲೈನಲ್ಲಿ ಆ ನದಿಯ ಲೇಕ್ ಮೀಡ್ ಜಲಾಶಯ, ಅದು ಮೊದಲ ಸಲ ತುಂಬುತ್ತಿದ್ದ 1937ರ ನಂತರ ಎಂದೂ ಕಾಣದ ಮಟ್ಟಕ್ಕೆ ಇಳಿಯಿತು. ಅಲೆಗೊಳದ ಮಾತು ನಗರಸಭೆಯ ಮುಂದೆ ಬಂದದ್ದು ಅದೇ ಬೇಸಿಗೆಯಲ್ಲಿ.

ಕಾಗದದ ರಾಶಿಯಿಂದ ಲಕೋಟೆಯನ್ನು ಹುಡುಕಿ ತೆಗೆದು ಓದಿದೆ. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ಪರಿಸರ ಗುಣಮಟ್ಟದ ಕಾಯ್ದೆಯೊಂದಿದೆ. ಇಂಥ ಯೋಜನೆ ಬಂದಾಗ ಅದರ ಪರಿಣಾಮಗಳ ವರದಿಯ ಕರಡನ್ನು ಎಲ್ಲರಿಗೂ ಸಿಗುವಂತೆ ಇಟ್ಟು, ಸಾಮಾನ್ಯವಾಗಿ 45 ದಿನಗಳ ಕಾಲ ಆಕ್ಷೇಪಣೆಗಳನ್ನು ಸ್ವೀಕರಿಸಬೇಕು. ಬಂದ ಆಕ್ಷೇಪಣೆಗಳಿಗೆ ಅಂತಿಮ ವರದಿಯಲ್ಲಿ ಲಿಖಿತ ಉತ್ತರ ಕೊಡಬೇಕು. ಸಾವಿರ ಪುಟ ದಾಟುವ ಅಂಥ ವರದಿಯಲ್ಲಿ, ವಾಯುವಿಹಾರಕ್ಕೆ ಹೋಗುವ ಒಬ್ಬ ವೃದ್ಧರು ಬರೆದ ಅರ್ಧ ಪುಟದ ಪತ್ರಕ್ಕೂ ಒಂದು ಸಂಖ್ಯೆಯಿರುತ್ತದೆ, ಆ ಸಂಖ್ಯೆಯ ಎದುರಿಗೆ ಉತ್ತರವಿರುತ್ತದೆ. ಆ ಉತ್ತರ ಸಮಾಧಾನ ತರಲೇಬೇಕೆಂದಿಲ್ಲ. ಆದರೆ ಪ್ರಶ್ನೆ ಕೇಳಿದವನ ಹೆಸರು ದಾಖಲೆಯಲ್ಲಿ ಉಳಿಯುತ್ತದೆ.

ಸಭೆಯ ಸಂಜೆ ಹೋದೆ. ಕೋಣೆ ಕಿಕ್ಕಿರಿದಿತ್ತು. ಮಾತನಾಡಬಯಸಿದವರು ಚೀಟಿ ಬರೆದುಕೊಟ್ಟರು. ಒಬ್ಬೊಬ್ಬರಿಗೂ ಮೂರು ನಿಮಿಷ. ಎದುರಿಗಿದ್ದ ಗಡಿಯಾರ ಹಿಮ್ಮುಖವಾಗಿ ಎಣಿಸುತ್ತಿತ್ತು. ಒಬ್ಬರು ತಮ್ಮ ಅಂಗಳದಿಂದ ಕಾಣುವ ನಕ್ಷತ್ರಗಳ ಬಗ್ಗೆ ಮಾತನಾಡಿದರು, ಇನ್ನೊಬ್ಬರು ಯಂತ್ರದ ಸದ್ದು ಬಂಡೆಗಳಿಗೆ ಬಡಿದು ಮರಳುವ ಬಗೆಯನ್ನು ವಿವರಿಸಿದರು, ಸರ್ಫಿಂಗ್ ಕಲಿತ ಹುಡುಗನೊಬ್ಬ ಇದು ಬರಲಿ, ನಮ್ಮ ವಯಸ್ಸಿನವರಿಗೆ ಈ ಊರಿನಲ್ಲಿ ಏನಿದೆ ಎಂದು ಕೇಳಿದ. ಯಾರೂ ಯಾರ ಮಾತನ್ನೂ ಮುರಿಯಲಿಲ್ಲ. ವೇದಿಕೆಯ ಮೇಲಿದ್ದ ಐವರು ಎದ್ದು ಹೋಗಲಿಲ್ಲ, ಫೋನಿನಲ್ಲಿ ಮಾತನಾಡಲಿಲ್ಲ, ಬರೆದುಕೊಳ್ಳುತ್ತ ಕುಳಿತಿದ್ದರು.

ನನ್ನ ಸರದಿ ಬಂದಾಗ ನಾನು ನಮ್ಮೂರಿನ ನೀರುಗಂಟಿಯ ವಿಷಯ ಹೇಳಿದೆ. ಆ ಪದಕ್ಕೆ ಇಂಗ್ಲಿಷಿನಲ್ಲಿ ಸಮನಾದ ಪದ ಸಿಗದೆ ಹಾಗೆಯೇ ಹೇಳಿ, ಕೆರೆಯ ತೂಬು ಎತ್ತುವವನು ಎಂದು ವಿವರಿಸಿದೆ. ಮಳೆ ಕೈಕೊಟ್ಟ ವರ್ಷ ಅವನು ಏರಿಯ ಮೇಲೆ ನಿಂತು ನೀರನ್ನು ಕಣ್ಣಳತೆಯಲ್ಲೇ ಅಳೆದು, ಈ ಸಲ ಭತ್ತ ಬೇಡ, ರಾಗಿಗೆ ಸಾಲುತ್ತದೆ ಎಂದು ಹೇಳಿದರೆ, ಗೌಡರ ಗದ್ದೆಯೂ ಸೇರಿ ಇಡೀ ಅಚ್ಚುಕಟ್ಟಿನಲ್ಲಿ ಭತ್ತ ಬೀಳುತ್ತಿರಲಿಲ್ಲ. ನದಿಯಲ್ಲಿ ನೀರಿಲ್ಲದ ವರ್ಷ ಯಾವ ಬೆಳೆ ಬೇಡವೆಂದು ಹೇಳುವ ಧೈರ್ಯ ನಿಮಗೂ ಇರಬೇಕು ಎಂದು ಮುಗಿಸುವಷ್ಟರಲ್ಲಿ ನನ್ನ ಸಮಯ ಮುಗಿಯಿತು. ಮನೆಗೆ ಬಂದ ಮೇಲೂ ಕೈ ನಡುಗುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ನಗರಸಭೆ ಆ ಅಲೆಗೊಳದ ಯೋಜನೆಯನ್ನು ತಿರಸ್ಕರಿಸಿತು.

ಮರುದಿನ ಊರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಎಲ್ಲವನ್ನೂ ಸಂಭ್ರಮದಿಂದ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಲೆ ಮಾಡೋಕೆ ಇಷ್ಟು ಜನಾನ ಕೇಳ್ತಾರೇನಪ್ಪ ಅಲ್ಲಿ? ನಮ್ಮ ಕೆರೆ ಕಾಲುವೆಗೆ ಮಣ್ಣು ಹೊಡೆದಾಗ ನಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದರು.

ಯಾರೂ ಕೇಳಿರಲಿಲ್ಲ. ಮೇಲಿನ ಕೆರೆಯ ಕೋಡಿಯಿಂದ ನಮ್ಮ ಕೆರೆಗೆ ನೀರು ತರುತ್ತಿದ್ದ ಕಾಲುವೆಯ ಮೇಲೆ ಒಂದು ವಿಲಾಸಿ ಬಡಾವಣೆ ಬಂತು. ಅದರ ಫಲಕದಲ್ಲಿ ಈಜುಕೊಳ, ಕ್ಲಬ್ ಹೌಸುಗಳ ಬಣ್ಣದ ಚಿತ್ರಗಳಿದ್ದವು. ಜೆಸಿಬಿ ಬಂದ ದಿನವೇ ಊರಿಗೆ ವಿಷಯ ತಿಳಿದದ್ದು. ಪ್ರಕಟಣೆ ಹಾಕಿದ್ದೆವು ಎಂದು ಕಚೇರಿಯವರು ಹೇಳಿದರಂತೆ. ಅದನ್ನು ಅಂಟಿಸಿದ್ದ ಗೋಡೆ ಬೀಗ ಹಾಕಿದ ಕೋಣೆಯ ಒಳಗಿತ್ತು. ತಂದೆಯವರು ತಾಲ್ಲೂಕು ಕಚೇರಿಗೂ ಜಿಲ್ಲಾ ಕಚೇರಿಗೂ ಎರಡು ವರ್ಷ ಓಡಾಡಿದರು. ಹೋದಲ್ಲೆಲ್ಲ ಅರ್ಜಿಯ ಮೇಲೆ ಮೊಹರು ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಅವರು ತೀರಿಕೊಂಡಾಗ ಅವರ ಟ್ರಂಕಿನಲ್ಲಿ ಆ ಸ್ವೀಕೃತಿ ಚೀಟಿಗಳು ದಾರ ಕಟ್ಟಿ ಇಟ್ಟಂತೆಯೇ ಇದ್ದವು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಗಣಿಗೋ ಕಾರ್ಖಾನೆಗೋ ಅನುಮತಿ ಕೊಡುವ ಮೊದಲು 30 ದಿನಗಳ ಸೂಚನೆ ಕೊಟ್ಟು, ಜಿಲ್ಲಾಧಿಕಾರಿಯವರ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಆದರೆ ಅದೇ ಅಧಿಸೂಚನೆ ಕಟ್ಟಡಗಳನ್ನೂ ಬಡಾವಣೆಗಳನ್ನೂ ಟೌನ್‌ಶಿಪ್‌ಗಳನ್ನೂ ಆ ಅಹವಾಲಿನಿಂದ ಹೊರಗಿಟ್ಟಿದೆ. ಎಂದರೆ ಲಾ ಕೀಂಟಾದ ಯೋಜನೆ, ಅದರ ಮನೆ, ಹೋಟೆಲು, ಕೊಳಗಳ ಸಮೇತ, ನಮ್ಮ ತಾಲ್ಲೂಕಿಗೆ ಬಂದಿದ್ದರೆ ಊರಿನವರನ್ನು ಕೂರಿಸಿ ಕೇಳಬೇಕೆಂಬ ಕಟ್ಟುಪಾಡೇ ಇರುತ್ತಿರಲಿಲ್ಲ. ಗಂಗಮ್ಮನಿಗೆ ಕೈ ಮುಗಿಯುವ ನಾವು, ಕೋಡಿ ಹರಿದರೆ ಬಾಗಿನ ಬಿಡುವ ನಾವು, ಆ ನೀರು ಬರುವ ದಾರಿಯನ್ನು ಮುಚ್ಚುವಾಗ ನೆರೆಯವನಿಗೆ ಒಂದು ಕಾಗದ ಬರೆಯುವುದಿಲ್ಲ. ಹನಿ ನೀರನ್ನೂ ದುಡ್ಡು ಕೊಟ್ಟು ತರುವ, ಅದಕ್ಕೆ ಎಂದೂ ಪೂಜೆ ಮಾಡದ ಈ ಜನ ಬರೆಯುತ್ತಾರೆ. ಈ ವ್ಯತ್ಯಾಸವನ್ನು ನೆನೆದಾಗಲೆಲ್ಲ ನನಗೆ ನನ್ನ ನೆಲದ ಮೇಲೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಮರೆಮಾಡುವ ಇಚ್ಛೆ ನನಗಿಲ್ಲ.

ಕೇಳದೆ ಕೊಡುವುದೂ ನಮ್ಮಲ್ಲಿ ನಡೆಯಿತು. 2018ರಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಕೆ.ಸಿ. ಎಂದರೆ ಕೋರಮಂಗಲ ಮತ್ತು ಚಲ್ಲಘಟ್ಟ. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಇಲ್ಲವಾದ ಎರಡು ಕೆರೆಗಳ ಹೆಸರು ಹೊತ್ತ ನೀರು ನಮ್ಮ ಜಿಲ್ಲೆಗೆ ಹರಿದು ಬರುವಾಗ, ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಕೂಗಿದವರಿಗೆ ಸಿಕ್ಕಿದ್ದು ಬೀದಿ ಮತ್ತು ನ್ಯಾಯಾಲಯ, ಮೂರು ನಿಮಿಷವಲ್ಲ.

ಇಷ್ಟು ಹೇಳಿದ ಮೇಲೆ, ಇಲ್ಲಿನವರ ಬಗ್ಗೆ ಹೇಳದೆ ಉಳಿಸಿಕೊಂಡ ಕೆಲವು ಮಾತುಗಳನ್ನೂ ಹೇಳಲೇಬೇಕು. ಒಂದು ಗಾಲ್ಫ್ ಮೈದಾನ ಕುಡಿಯುವಷ್ಟು ನೀರು ಅಲೆಗೊಳಕ್ಕೆ ಬೇಡ ಎಂದು ಯೋಜನೆಯವರು ವಾದಿಸಿದ್ದರು. ಕೊಳದಿಂದ ಆವಿಯಾಗಿ ಹೋಗುವುದನ್ನು ಮಾತ್ರ ಮತ್ತೆ ತುಂಬಿದರೆ ಸಾಕು. ಹುಲ್ಲಿಗೆ ಈ ಬಿಸಿಲಿನಲ್ಲಿ ನಿತ್ಯ ನೀರು ಬೇಕು. ಅವರ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಈ ಕಣಿವೆಯಲ್ಲಿ ಸುಮಾರು 120 ಗಾಲ್ಫ್ ಮೈದಾನಗಳಿವೆ, ಅವುಗಳ ಬಗ್ಗೆ ಆ ಸಂಜೆ ಯಾರೂ ಚೀಟಿ ಬರೆದುಕೊಟ್ಟಿರಲಿಲ್ಲ. ಮಾತನಾಡಿದವರಲ್ಲಿ ಹಲವರ ಮನೆಗಳ ಹಿತ್ತಲು ಅಂಥ ಹುಲ್ಲಿಗೇ ತೆರೆದುಕೊಳ್ಳುತ್ತದೆ. ನಿರ್ಧಾರವನ್ನು ತಿರುಗಿಸಿದ್ದು ನದಿಯ ಬರವೊಂದೇ ಅಲ್ಲ. ದೀಪ, ಸದ್ದು, ವಾರಾಂತ್ಯಕ್ಕೆ ಬಾಡಿಗೆಗೆ ಬರುವವರ ಗದ್ದಲ, ಮನೆಗಳ ಬೆಲೆ ಇವುಗಳ ಚಿಂತೆಯೂ ಅಷ್ಟೇ ಭಾರವಾಗಿತ್ತು. ನಮ್ಮ ನೀರುಗಂಟಿಗೆ ಸೂಚನಾ ಪತ್ರವೂ ಗೊತ್ತಿರಲಿಲ್ಲ, ದಾಖಲೆಯೂ ಗೊತ್ತಿರಲಿಲ್ಲ. ಆದರೂ ಅವನು ತೂಬು ಎತ್ತಿದ ದಿನ ಕೊನೆಯ ಗದ್ದೆಗೆ ನೀರು ತಲುಪುತ್ತಿತ್ತು. ಅವನದು ದಲಿತ ಕುಟುಂಬ, ಅವನಿಗೆ ಸಿಗುತ್ತಿದ್ದುದು ಕಣದಲ್ಲಿ ಅಳೆದು ಹಾಕಿದ ಒಂದಿಷ್ಟು ರಾಗಿ ಎಂಬುದನ್ನು ನಾನು ನಗರಸಭೆಯಲ್ಲಿ ಹೇಳಲಿಲ್ಲ. ಹೇಳಬೇಕಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಕಷ್ಟದ್ದು. ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಥರ್ಮಲ್ ಎಂಬ ಊರಿದೆ. ಅದಕ್ಕೆ ತನ್ನದೇ ನಗರಸಭೆಯಿಲ್ಲ, ಅಲ್ಲಿನ ತೀರ್ಮಾನಗಳನ್ನು ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥ ಘಟಕದ, ಮಂಡಳಿ ಮಾಡುತ್ತದೆ. ಅಲ್ಲಿ ಇದಕ್ಕಿಂತ ದೊಡ್ಡ ಅಲೆಗೊಳವುಳ್ಳ ಖಾಸಗಿ ಕ್ಲಬ್ಬಿಗೆ, ನಮ್ಮ ಸಭೆಗಿಂತ ಎರಡು ವರ್ಷ ಮೊದಲೇ, 2020ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಅಲ್ಲಿಯೂ ವಿರೋಧವಿತ್ತು. ಅದೇ ಥರ್ಮಲ್‌ನಲ್ಲಿ ಹೊಲದ ಕೂಲಿಕಾರರು ವಾಸಿಸುವ ಓಯಸಿಸ್ ಎಂಬ, ಎಳೆದು ತಂದು ನಿಲ್ಲಿಸಿದ ಮೊಬೈಲ್ ಮನೆಗಳ ವಸತಿಯಿದೆ. ಅಲ್ಲಿನ ಬಾವಿ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಮಿತಿ ಮೀರಿದೆಯೆಂದು 2019ರಲ್ಲಿ ಒಕ್ಕೂಟದ ಪರಿಸರ ಸಂಸ್ಥೆ ತುರ್ತು ಆದೇಶ ಹೊರಡಿಸಿತ್ತು. ನಮ್ಮೂರಿನ ನೀರಿನ ಫ್ಲೋರೈಡಿನಿಂದ ಹಲ್ಲಿಗೆ ಕಂದು ಕಲೆ ಹಿಡಿದ ಮಕ್ಕಳ ಜೊತೆ ಶಾಲೆಯಲ್ಲಿ ಕೂತಿದ್ದ ನನಗೆ ಆ ಸುದ್ದಿಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ 2020ರಲ್ಲಿ ನನಗೆ ಯಾವ ಲಕೋಟೆಯೂ ಬರಲಿಲ್ಲ, ನನ್ನ ಮನೆ ಆ ಜಾಗದ ಪಕ್ಕದಲ್ಲಿರಲಿಲ್ಲ, ನಾನೂ ಹೋಗಲಿಲ್ಲ.

ಹಾಗಿದ್ದೂ ನನ್ನ ತೀರ್ಪು ಬದಲಾಗುವುದಿಲ್ಲ. ಊರಿಗೆ ಹೋಗುವಾಗ ಇಲ್ಲಿಂದ ಏನನ್ನಾದರೂ ಕೊಂಡೊಯ್ಯಬಹುದಾದರೆ ಆ ಲಕೋಟೆಯನ್ನೂ, ಹಿಮ್ಮುಖವಾಗಿ ಎಣಿಸುವ ಆ ಗಡಿಯಾರವನ್ನೂ ಒಯ್ದು ಪಂಚಾಯಿತಿಯ ಬೀಗ ತೆಗೆಸಿ ಇಡುತ್ತೇನೆ.

ನಗರಸಭೆಯ ತೀರ್ಮಾನವಾದ ಕೆಲವು ದಿನಗಳ ಮೇಲೆ ನಮ್ಮ ಕಚೇರಿಯನ್ನು ಶುಚಿ ಮಾಡಲು ಬರುವ ಹೆಂಗಸಿಗೆ ಈ ಗೆಲುವಿನ ಸುದ್ದಿ ಹೇಳಿದೆ. ಅವರ ಅಕ್ಕನ ಸಂಸಾರ ಇರುವುದು ಥರ್ಮಲ್ಲಿನಲ್ಲಿ. ಪ್ರತಿ ಶನಿವಾರ ಇವರು ಕಾರಿನಲ್ಲಿ ಅಲ್ಲಿಗೆ ಕುಡಿಯುವ ನೀರಿನ ಕ್ಯಾನುಗಳನ್ನು ಹೊತ್ತೊಯ್ಯುತ್ತಾರೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕಸದ ಚೀಲದ ಬಾಯಿ ಕಟ್ಟುತ್ತ, "ಮೂರು ನಿಮಿಷ ಮಾತನಾಡಿದಿರಲ್ಲ, ಅದರಲ್ಲಿ ನಮ್ಮ ನೀರಿನ ಮಾತು ಬಂತೇ?" ಎಂದು ಕೇಳಿದರು.

ಬಂದಿರಲಿಲ್ಲ.