ಮಂಗಳೂರಿನ ಕಾರಿಗೆ ಹೀಟರ್ ಯಾಕೆ ಮಾರಾಯ್ರೆ?

ಮಂಗಳೂರಿನಲ್ಲಿ ಕಾರಿನ ಎಸಿ ಕೆಟ್ಟರೆ ಕೇಳಿದವರೆಲ್ಲ ಮರುಗುತ್ತಾರೆ. "ಅಯ್ಯೋ ಪಾಪ, ಈ ಸೆಕೆಗೆ ಹೇಗೆ ಓಡಾಡ್ತೀರಿ?" ಅಂತ ಕೈಯಲ್ಲಿದ್ದ ಪೇಪರಿನಿಂದ ನಮಗೆ ಗಾಳಿ ಹಾಕಲೂ ತಯಾರಿರುತ್ತಾರೆ. ಹೀಟರ್ ಕೆಟ್ಟಿದೆ ಅಂತ ಹೇಳಿ ನೋಡಿ. ಮೊದಲು ನಗು. ಆಮೇಲೆ ಪಕ್ಕದವರನ್ನು ಕರೆದು, "ಇಲ್ಲಿ ಕೇಳಿ, ಇವರ ಕಾರಿನ ಹೀಟರ್ ಹಾಳಾಗಿದೆಯಂತೆ" ಅಂತ ಮತ್ತೊಂದು ಸುತ್ತು ನಗು.

ಅವರನ್ನು ದೂರುವ ಹಾಗೂ ಇಲ್ಲ. ಡಿಸೆಂಬರಿನಲ್ಲೂ ಹಗಲು 32 ಡಿಗ್ರಿ ಮುಟ್ಟುವ ಊರು ನಮ್ಮದು. ಬೆಳಗಿನ ಜಾವ 21ಕ್ಕೆ ಇಳಿದರೆ ಸಾಕು, ಕದ್ರಿ ಪಾರ್ಕಿಗೆ ವಾಕಿಂಗ್ ಬರುವವರು ಕಿವಿಗೆ ಮಫ್ಲರ್ ಸುತ್ತಿಕೊಂಡು "ಎಂತ ಚಳಿ" ಅನ್ನುತ್ತಾರೆ. ಹತ್ತು ಗಂಟೆಗೆ ಅವರೇ ಹಂಪನಕಟ್ಟೆಯಲ್ಲಿ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಾ ನಿಂತಿರುತ್ತಾರೆ. ಇಲ್ಲಿನ ಕಾರುಗಳಲ್ಲಿ ಗಾಳಿಯ ನಾಬ್ ಒಮ್ಮೆ ನೀಲಿ ಕಡೆಗೆ ತಿರುಗಿತು ಅಂದರೆ ಕಾರು ಗುಜರಿಗೆ ಹೋಗುವವರೆಗೂ ಅಲ್ಲೇ. ಕೆಂಪು ಗೆರೆ ಸುಮ್ನೆ ಚಂದಕ್ಕೆ.

ನನಗೆ ಕೆಂಪು ಗೆರೆಯ ಅಗತ್ಯ ಬಿದ್ದದ್ದು ಹೆಂಡತಿಯ ತವರಿನಿಂದಾಗಿ. ಅವಳ ಮನೆ ಮೂಡಿಗೆರೆ ಕಡೆ. ಡಿಸೆಂಬರ್ ಅಂದರೆ ಅಲ್ಲಿ ಕಾಫಿ ಕೊಯ್ಲು, ಅಂಗಳದ ತುಂಬ ಹಣ್ಣು, ಮೂಳೆಗೆ ಇಳಿಯುವ ಚಳಿ. ಅತ್ತೆಯ ಕಣ್ಣು ತೋರಿಸಲು ಮಂಗಳೂರಿಗೆ ಕರೆದುಕೊಂಡು ಬರಬೇಕಿತ್ತು. ಡಾಕ್ಟರು ಕೊಟ್ಟ ಟೈಮು ಬೆಳಿಗ್ಗೆಯದು, ಹಾಗಾಗಿ ಕತ್ತಲಿರುವಾಗಲೇ ಹೊರಟೆವು. ಅತ್ತೆ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಇನ್ನೊಂದು ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತರು.

ಕೊಟ್ಟಿಗೆಹಾರ ಬರುವಷ್ಟರಲ್ಲಿ ಹೊರಗೆ ಮಂಜು, ಒಳಗೆ ಗಾಜಿನ ಮೇಲೆ ನಮ್ಮದೇ ಉಸಿರಿನ ಮಂಜು. ನಾಬನ್ನು ಕೆಂಪಿನ ತುದಿಗೆ ತಿರುಗಿಸಿ ಫ್ಯಾನ್ ಜೋರು ಮಾಡಿದೆ. ಬಂದದ್ದು ತಣ್ಣನೆ ಗಾಳಿ. ಎಸಿ ಹಾಕಿದರೆ ಗಾಜು ತಿಳಿಯಾಗುತ್ತದೆ, ಯಾಕೆಂದರೆ ಎಸಿ ಗಾಳಿಯಲ್ಲಿನ ನೀರನ್ನು ಹಿಂಡಿ ತೆಗೆಯುತ್ತದೆ. ಎಸಿ ಮತ್ತು ಹೀಟರ್ ಎರಡೂ ಸೇರಿದರೆ ಒಣಗಿದ ಬೆಚ್ಚನೆ ಗಾಳಿ ಬಂದು ಗಾಜು ಇನ್ನೂ ಬೇಗ ಬಿಡುತ್ತದೆ. ನಮ್ಮಲ್ಲಿ ಎಸಿ ಮಾತ್ರ ಕೆಲಸ ಮಾಡುತ್ತಿತ್ತು. ಹಾಗಾಗಿ ಚಾರ್ಮಾಡಿಯ ತಿರುವುಗಳಲ್ಲಿ ನನಗೆ ದಾರಿ ಕಾಣಬೇಕಾದರೆ ಅತ್ತೆ ನಡುಗಬೇಕು, ಅತ್ತೆ ಬೆಚ್ಚಗಿರಬೇಕಾದರೆ ನಾನು ಅಂದಾಜಿನ ಮೇಲೆ ಸ್ಟೇರಿಂಗ್ ತಿರುಗಿಸಬೇಕು. ಹೆಂಡತಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ಬಂದಳು. ಅತ್ತೆ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅಳಿಯನ ಕಾರಲ್ವಾ.

ಉಜಿರೆ ದಾಟಿದ ಮೇಲೆ ಅತ್ತೆ ಒಂದು ಶಾಲು ತೆಗೆದರು. "ಈಗ ಬಿಸಿ ಬರ್ತಿದೆ, ಸರಿ ಹೋಯ್ತು" ಅಂದರು. ನಾನು ಕೈ ಹಿಡಿದು ನೋಡಿದೆ. ಹೌದು, ಬೆಚ್ಚಗಿತ್ತು. ಕಿಟಕಿ ಇಳಿಸಿದೆ. ಹೊರಗಿನ ಗಾಳಿಯೂ ಅಷ್ಟೇ ಬೆಚ್ಚಗಿತ್ತು. ಹೀಟರ್ ಸರಿಯಾದದ್ದಲ್ಲ, ನಾವು ಘಟ್ಟ ಇಳಿದದ್ದು.

ರಿಪೇರಿಯ ಉದ್ದಕ್ಕೂ ನನ್ನನ್ನು ಕಾಡಿದ್ದು ಇದೇ. ಮಂಗಳೂರಿನಲ್ಲಿ ಹೀಟರ್ ಕೆಟ್ಟಿದೆ ಅಂತ ತೋರಿಸುವುದು ಹೇಗೆ? ಮೊದಲು ಹೋದದ್ದು ಎಸಿ ರಿಪೇರಿ ಅಂಗಡಿಗೆ. ಅಲ್ಲಿನ ಹುಡುಗ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿದ್ದ ಕಾರಿನೊಳಗೆ ಕೈ ಹಾಕಿ, ಹೀಟರ್ ಗಾಳಿಗೆ ಅಂಗೈ ಒಡ್ಡಿ, "ಬಿಸಿಯೇ ಬರ್ತಾ ಉಂಟಲ್ಲ ಸರ್!" ಅಂದ. ಬರದೆ ಏನು? ಹೊರಗೆ ಬೆಂಕಿ ಬಿಸಿಲು, ಅದೇ ಗಾಳಿ ಫ್ಯಾನಿನಿಂದ ಒಳಗೆ ಬರುತ್ತಿದೆ. ನಾನು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಯೋಚನೆ ಮಾಡಿ, "ಹಾಗಾದ್ರೆ ಒಮ್ಮೆ ಗ್ಯಾಸ್ ತುಂಬಿಸಿ ನೋಡುವ" ಅಂದ. ಕಾರಿನ ಹೀಟರಿಗೂ ಎಸಿ ಗ್ಯಾಸಿಗೂ ಸಂಬಂಧವೇ ಇಲ್ಲ. ಇಂಜಿನ್ನನ್ನು ತಂಪು ಮಾಡಲು ಅದರೊಳಗೆ ಓಡಾಡಿ ತಾನೇ ಬಿಸಿಯಾಗುವ ದ್ರವ, ಅಂದರೆ ಕೂಲೆಂಟ್, ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಪುಟ್ಟ ರೇಡಿಯೇಟರಿಗೆ ಬರುತ್ತದೆ. ಅದರ ಮೇಲೆ ಹಾದು ಬರುವ ಗಾಳಿಯೇ ನಮಗೆ ಹೀಟರ್. ಅಂದರೆ ಇಂಜಿನ್ ಬೇಡ ಅಂತ ಬಿಸಾಡುವ ಬಿಸಿಯೇ ನಮಗೆ ಬಿಟ್ಟಿ ಸಿಗುವುದು. ಗ್ಯಾಸ್ ತುಂಬಿಸಲು ಎಷ್ಟಾಗುತ್ತದೆ ಅಂತಲೂ ಕೇಳದೆ ಅಲ್ಲಿಂದ ಹೊರಟೆ.

ಮನೆಯಲ್ಲಿ ನಾನೇ ನೋಡಲು ಶುರು ಮಾಡಿದೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದೆ. (ಬಿಸಿ ಇರುವಾಗ ತೆಗೆಯಬಾರದು. ಒಳಗೆ ಪ್ರೆಶರ್ ಇರುತ್ತದೆ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ.) ಕೂಲೆಂಟ್ ಕತ್ತಿನ ತನಕ ಇತ್ತು. ನಾಬ್ ಆ ಕಡೆ ಈ ಕಡೆ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಒಳಗೆ ಬಿಸಿ ಗಾಳಿಯ ಬಾಗಿಲು ಮುಚ್ಚಿ ತೆರೆಯುವ 'ಟಪ್' ಸದ್ದು ಕೇಳುತ್ತಿತ್ತು, ಹಾಗಾಗಿ ಅದನ್ನು ಎಳೆಯುವ ಕೇಬಲ್ ಕಳಚಿರಲಿಲ್ಲ. ಪಣಂಬೂರಿನವರೆಗೆ ಹೋಗಿ ಬಂದು, ಬಾನೆಟ್ ಎತ್ತಿ ಆ ಎರಡು ಪೈಪುಗಳನ್ನು ಜಾಗ್ರತೆಯಿಂದ ಮುಟ್ಟಿದೆ. ಒಂದು ಕೈ ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗೆ ಇದ್ದಿದ್ದರೆ ಒಳಗಿನ ಪುಟ್ಟ ರೇಡಿಯೇಟರ್ ಕಟ್ಟಿಕೊಂಡಿದೆ ಅಥವಾ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ಇಲ್ಲಿ ಎರಡೂ ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬೆಚ್ಚಗೆ. ಆಗ ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳಿನ ಕಡೆ ಗಮನ ಹೋಯಿತು. ಹೈವೇಯಲ್ಲಿ ಓಡಿ ಬಂದ ಮೇಲೂ ಅದು ತಳದಿಂದ ಸ್ವಲ್ಪವೇ ಮೇಲೆದ್ದಿತ್ತು. ಕಾರು ಮಾರಿದವರು ಇದನ್ನೇ ತೋರಿಸಿ, "ನೋಡಿ, ಇಂಜಿನ್ ಹೀಟೇ ಆಗುದಿಲ್ಲ" ಅಂತ ಹೆಮ್ಮೆಯಿಂದ ಹೇಳಿದ್ದರು.

ಇಂಜಿನ್ ಹೀಟ್ ಆಗಬೇಕು ಮಾರಾಯ್ರೆ! ಅದಕ್ಕೆಂದೇ ಥರ್ಮೋಸ್ಟಾಟ್ ಅನ್ನುವ ವಾಲ್ವ್ ಇರುತ್ತದೆ. ಅದರ ಹೊಟ್ಟೆಯಲ್ಲಿ ಮೇಣ. ಇಂಜಿನ್ ತಣ್ಣಗಿರುವಾಗ ಕೂಲೆಂಟ್ ದೊಡ್ಡ ರೇಡಿಯೇಟರಿಗೆ ಹೋಗದ ಹಾಗೆ ದಾರಿ ಮುಚ್ಚಿಟ್ಟು, 80ರಿಂದ 90 ಡಿಗ್ರಿಯ ನಡುವೆ ಎಲ್ಲೋ ಮೇಣ ಕರಗಿ ಉಬ್ಬಿದಾಗ ತೆರೆಯುತ್ತದೆ. ಅದು ಯಾವಾಗಲೂ ತೆರೆದೇ ಇದ್ದರೆ ಕೂಲೆಂಟ್ ಬಿಸಿಯಾಗುವ ಮೊದಲೇ ತಣ್ಣಗಾಗುತ್ತದೆ. ಘಟ್ಟ ಇಳಿಯುವಾಗ ಇಂಜಿನ್ನಿಗೆ ಕೆಲಸವೂ ಇಲ್ಲ, ಎದುರಿಗೆ ಥಂಡಿ ಗಾಳಿ ಬೇರೆ. ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು?

ಗ್ಯಾರೇಜಿನವರು ಆ ವಾಲ್ವ್ ಕೂರುವ ಗೂಡು, ಅಂದರೆ ಹೌಸಿಂಗ್, ಬಿಚ್ಚಿದರು. ವಾಲ್ವ್ ತೆರೆದು ಸಿಕ್ಕಿಕೊಂಡಿರಬಹುದು ಅಂತ ನಾನು ಬಗ್ಗಿ ನೋಡಿದರೆ ಅಲ್ಲಿ ವಾಲ್ವೇ ಇಲ್ಲ. ಖಾಲಿ ಗುಂಡಿ.

"ಯಾರೋ ತೆಗ್ದಿದ್ದಾರೆ" ಅಂದರು ಅವರು, ಏನೂ ಆಗದವರ ಹಾಗೆ.

"ಯಾಕೆ ತೆಗೀತಾರೆ?"

"ನಮ್ಮ ಊರಿನ ಸೆಕೆಗೆ ಅದು ಯಾಕೆ? ಅದು ಇದ್ರೆ ಒಂದು ದಿನ ಜಾಮ್ ಆಗಿ ಇಂಜಿನ್ ಬಿಸಿ ಆಗ್ತದೆ. ನಾವೂ ತೆಗೀತೇವೆ." ಅಷ್ಟು ಹೇಳಿ ಶೆಲ್ಫಿನಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ ಇಳಿಸಿದರು. ಮುಚ್ಚಳ ತೆಗೆದರೆ ಒಳಗೆ ಬರೀ ಥರ್ಮೋಸ್ಟಾಟುಗಳು. ಹಿತ್ತಾಳೆ ಬಣ್ಣದವು, ಕಪ್ಪಾದವು, ರಬ್ಬರ್ ರಿಂಗ್ ಹರಿದವು. ಊರಿನ ಅದೆಷ್ಟು ಕಾರುಗಳ ಹೊಟ್ಟೆಯಿಂದ ಬಂದವೋ. ಅವರು ಬೆರಳಿನಿಂದ ಕೆದಕುತ್ತಾ, "ನಿಮ್ಮದಕ್ಕೆ ಇದರಲ್ಲಿ ಯಾವುದಾದ್ರೂ ಕೂರ್ತದಾ ನೋಡುವ, ಸುಮ್ನೆ ಹೊಸತು ಯಾಕೆ?" ಅಂದರು. ಒಳ್ಳೆ ಮನಸ್ಸಿನವರು, ಅದರಲ್ಲಿ ಎರಡು ಮಾತಿಲ್ಲ. ವಾಲ್ವ್ ತೆಗೆದರೆ ಇಂಜಿನ್ ಸರಿಯಾಗಿ ಕಾಯದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ ಅಂತ ನಾನು ಹೇಳಿದೆ. "ಅದು ಹೌದು" ಅಂತ ಒಪ್ಪಿ ಡಬ್ಬವನ್ನು ಭದ್ರವಾಗಿ ಮುಚ್ಚಿ ಮೇಲಿಟ್ಟರು.

ಹೊಸದನ್ನು ಕೊಂಡು ಮನೆಗೆ ತಂದೆ. ಜೋಡಿಸುವ ಮೊದಲು ಪರೀಕ್ಷೆ ಮಾಡುವುದು ಒಳ್ಳೆಯದು. ಅದಕ್ಕೆ ಬೇಕಾದದ್ದು ಒಂದು ಪಾತ್ರೆ, ನೀರು, ಒಲೆ. ಹೆಂಡತಿ ಹೊರಗೆ ಹೋದ ಹೊತ್ತು ನೋಡಿ ಚಹಾದ ಪಾತ್ರೆಯಲ್ಲಿ ನೀರಿಟ್ಟು, ವಾಲ್ವಿಗೆ ದಾರ ಕಟ್ಟಿ ಇಳಿಬಿಟ್ಟೆ. ಅದರ ಅಂಚಿನಲ್ಲಿ 82 ಅಂತ ಕೊರೆದಿತ್ತು. ನೀರಿನ ತಳದಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಂಡವು, ಹಬೆ ಎದ್ದಿತು, ವಾಲ್ವ್ ಅಲ್ಲಾಡಲಿಲ್ಲ. ಇನ್ನೇನು ನೀರು ಕುದಿಯಬೇಕು ಅನ್ನುವಾಗ ನಡುವಿನ ತಟ್ಟೆ ತುಸುವೇ ಸರಿದು ಕೂದಲೆಳೆಯಷ್ಟು ಸಂದು ಬಿಟ್ಟಿತು. ನೋಡ್ತಾ ಇದ್ದ ಹಾಗೆ ಪೂರ್ತಿ ಬಾಯಿ ತೆರೆಯಿತು.

"ಅದೇನು ಬೇಯಿಸ್ತಿದ್ದೀರಿ?" ಹಿಂದೆ ಅತ್ತೆ. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಮಂದವಾಗಿ ನೋಡುತ್ತಿದ್ದರು.

"ಕಾರಿನ ವಾಲ್ವ್."

ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು. "ಇನ್ನೂ ಬೆಂದಿಲ್ವಾ?" ಅಂತ ಕೇಳಿದರು. ತಮಾಷೆಗೋ ನಿಜಕ್ಕೋ ಈಗಲೂ ಗೊತ್ತಿಲ್ಲ. ಆ ಪಾತ್ರೆಯಲ್ಲಿ ಮತ್ತೆ ಚಹಾ ಆಗಲಿಲ್ಲ. ಈಗ ಅದು ಗಿಡಕ್ಕೆ ನೀರು ಹಾಕಲು ಇದೆ.

ವಾಲ್ವ್ ಕೂರಿಸಿ, ಹೊಸ ಕೂಲೆಂಟ್ ತುಂಬಿಸಿ, ಒಳಗಿನ ಗಾಳಿ ತೆಗೆಯುವ ಕೆಲಸ ಉಳಿಯಿತು. ನಮ್ಮಂಥ ಕಾರಿಗೆ ಮೂತಿ ಮೇಲೆ ಮಾಡಿ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಕೆಂಪಿಗಿಟ್ಟು ಇಂಜಿನ್ ಓಡಿಸಿದರೆ ಗುಳ್ಳೆಗಳು ಮೇಲೆ ಬಂದು ಹೋಗುತ್ತವೆ. ಮಂಗಳೂರಿನಲ್ಲಿ ಅದಕ್ಕೆ ಏರು ಹುಡುಕಬೇಕಾಗಿಲ್ಲ. ಗ್ಯಾರೇಜಿನ ಎದುರಿನ ರಸ್ತೆಯೇ ಸಾಕಾಯಿತು.

ಉಳಿದದ್ದು ಟ್ರಯಲ್. ಹೀಟರ್ ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಗ್ಲಾಸ್ ಏರಿಸಿ ಓಡಿಸಿಯೇ ನೋಡಬೇಕು. ಮಟ ಮಟ ಮಧ್ಯಾಹ್ನ ಹೊರಟು ನಂತೂರು ಸರ್ಕಲ್ ಜಾಮಿನಲ್ಲಿ ಸಿಕ್ಕಿಕೊಂಡೆ. ಮುಳ್ಳು ನಡುವಿಗೆ ಬಂದು ನಿಂತಿತ್ತು. ಗಾಳಿ ಹೇಗಿತ್ತೆಂದರೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿ, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ನನಗೋ ಖುಷಿ ತಡೆಯಲಾಗದೆ ಒಬ್ಬನೇ ನಗುತ್ತಿದ್ದೆ. ಪಕ್ಕದ ರಿಕ್ಷಾದವರು ಸ್ವಲ್ಪ ಹೊತ್ತು ನೋಡಿ, ಗಾಜು ತಟ್ಟಿ ಇಳಿಸಲು ಹೇಳಿದರು.

"ಎಸಿ ಹಾಳಾಗಿದೆಯಾ ಅಣ್ಣ? ಗ್ಲಾಸಾದ್ರೂ ಇಳಿಸಿ."

"ಇಲ್ಲ, ಹೀಟರ್ ಹಾಕಿದ್ದೇನೆ."

ಅವರು ಮತ್ತೆ ಮಾತಾಡಲಿಲ್ಲ. ಇದ್ದಷ್ಟು ಜಾಗದಲ್ಲಿ ರಿಕ್ಷಾವನ್ನು ಸ್ವಲ್ಪ ಆಚೆ ಸರಿಸಿಕೊಂಡರು.

ಅತ್ತೆಯನ್ನು ಊರಿಗೆ ಬಿಡಲು ಹೋಗುವಾಗ ಮತ್ತೆ ನಸುಕಿನಲ್ಲೇ ಹೊರಟೆವು. ಚಾರ್ಮಾಡಿ ಏರುವಾಗ ಗಾಜು ಕನ್ನಡಿಯ ಹಾಗೆ ಸ್ವಚ್ಛ, ಒಳಗೆ ಹದವಾದ ಬಿಸಿ. ನಾನು ಹೊಗಳಿಕೆಗೆ ಕಾದೆ. ಅತ್ತೆ ಎರಡೂ ಶಾಲು ತೆಗೆದರು, ಸ್ವೆಟರಿನ ಗುಂಡಿ ಬಿಚ್ಚಿದರು, ಆಮೇಲೆ ಮಗಳ ಹೆಗಲು ಮುಟ್ಟಿ ಮೆಲ್ಲಗೆ, "ಸ್ವಲ್ಪ ಎಸಿ ಹಾಕೋಕೆ ಹೇಳೇ" ಅಂದರು.

ಕಾರು ಈಗ ಪೆಟ್ರೋಲ್ ಕಡಿಮೆ ಕುಡಿಯುತ್ತಿದೆ. ಆಯಿಲ್ ಬದಲಿಸಲು ಗ್ಯಾರೇಜಿಗೆ ಹೋದಾಗ ಆ ಮಾತನ್ನು ಹೇಳಿದೆ. ಅವರಿಗೂ ಖುಷಿಯಾಯಿತು. ಬಿಲ್ ಬರೆದು ಕೈಗೆ ಕೊಟ್ಟು, ಗುಟ್ಟು ಹೇಳುವವರ ಹಾಗೆ ಕಿಟಕಿಯ ಹತ್ತಿರ ಬಗ್ಗಿದರು.

"ಚಳಿ ಮುಗಿಯಿತಲ್ಲ ಇನ್ನು. ಮಾರ್ಚ್‌ನಲ್ಲಿ ಒಮ್ಮೆ ತನ್ನಿ, ಆ ವಾಲ್ವ್ ತೆಗ್ದು ಕೊಡ್ತೇನೆ. ನಿಮ್ಮದೇ ಅಲ್ವಾ, ಡಬ್ಬದಲ್ಲಿ ಬೇರೆಯೇ ಇಡ್ತೇನೆ."